ಕಂಬಳಿಯೊಳಗಿನ ಕೈ

ಹುಬ್ಬಳ್ಳಿ ಕಮರಿಪೇಟೆಯ ಬೀರಲಿಂಗಪ್ಪ ಕೆಟ್ಟವನಲ್ಲ ಎಂಬ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನ ಸಂಗತಿ ಕೇಳಿದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ. ಅವನು ಕಂಬಳಿ ಮಾರುತ್ತಿದ್ದ, ಬೇಕಾದವರಿಗೆ ಕುರಿ ಕೊಡಿಸುತ್ತಿದ್ದ, ಯಾರ ತಂಟೆಗೂ ಹೋಗುತ್ತಿರಲಿಲ್ಲ. ಅವನಿಗಿದ್ದ ರೋಗ ಒಂದೇ. ಎದುರಿಗೆ ಕೂತವರು ‘ಇದು ನಿಮಗೆ ಗೊತ್ತಿರಲಿಕ್ಕಿಲ್ಲ’ ಎಂದುಬಿಟ್ಟರೆ ಅವನ ನಾಲಿಗೆ ಅವನ ಕೈಗೆ ಸಿಗುತ್ತಿರಲಿಲ್ಲ.

ಕುರಿ ಸಂತೆಯಲ್ಲಿ ಮಾತ್ರ ಅವನು ನಿಜಕ್ಕೂ ದೊಡ್ಡ ಮನುಷ್ಯ. ಅಲ್ಲಿ ದರವನ್ನು ಬಾಯಿಂದ ಆಡುವುದಿಲ್ಲ. ಕೊಳ್ಳುವವನು ಹೆಗಲ ಮೇಲಿನ ಕಂಬಳಿಯ ತುದಿಯನ್ನು ಕೈಮೇಲೆ ಇಳಿಬಿಡುತ್ತಾನೆ. ಮಾರುವವನು ಅದರೊಳಗೆ ಕೈ ತೂರಿಸುತ್ತಾನೆ. ಇಬ್ಬರೂ ಒಬ್ಬರ ಬೆರಳನ್ನೊಬ್ಬರು ಹಿಡಿದು, ಒತ್ತಿ, ಬಿಟ್ಟು, ಮತ್ತೆ ಹಿಡಿದು ದರ ಹೇಳಿಕೊಳ್ಳುತ್ತಾರೆ. ಅಷ್ಟೂ ಹೊತ್ತು ಇಬ್ಬರ ಮುಖ ಮಳೆಗೆ ಕಾಯುವವರ ಹಾಗೆ ಆಕಾಶ ನೋಡುತ್ತಿರುತ್ತದೆ. ಸುತ್ತ ನಿಂತವರಿಗೆ ಒಂದಕ್ಷರವೂ ತಿಳಿಯಬಾರದು. ‘ಬೀರಲಿಂಗಪ್ಪನ ಕೈ’ ಎಂದರೆ ಆ ಸಂತೆಯಲ್ಲಿ ಒಂದು ತೂಕವಿತ್ತು. ಅವನ ಮಾನ ಕಳೆದದ್ದೂ ಅದೇ ಕೈ.

ಆಗ ಯುದ್ಧದ ಕಾಲ. ಅವನ ಮಗಳು ಹುಲಿಗೆವ್ವನಿಗೆ ಧಾರವಾಡದಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಅರ್ಜುನಪ್ಪ ಟಪಾಲು ಕಚೇರಿಯಲ್ಲಿ ನೌಕರ, ತಂದೆ ಮಹಾದೇವಪ್ಪ ಸಾಲಿ ಮಾಸ್ತರ. ಹುಲಿಗೆವ್ವನಿಗೆ ಹುಡುಗ ಮನಸ್ಸಿಗೆ ಬಂದಿದ್ದ. ಇದಕ್ಕೂ ಮೊದಲು ಬಂದಿದ್ದ ಒಂದು ಸಂಬಂಧ ಬೀರಲಿಂಗಪ್ಪನ ಬಾಯಿಂದಲೇ ಮುರಿದಿತ್ತು. ತಾನೂ ಹಳೆಯ ಪೈಲವಾನ ಎಂದು ಹೇಳಿ, ಅದನ್ನು ತೋರಿಸಲು ಹೋಗಿ, ಬೀಗನಾಗಬೇಕಿದ್ದವನ ಸೊಂಟ ಉಳುಕಿಸಿದ್ದ. ಅದಕ್ಕೇ ಈ ಸಲ ಹೆಂಡತಿ ದುರಗವ್ವ ಬೀಗರು ಬರುವ ಮೊದಲೇ ಅವನ ಬಾಯಿಗೆ ಅಡಿಕೆ ತುರುಕಿದ್ದಳು.

‘ಅವರು ಉಂಡು ಏಳೂ ತನಕಾ ಇದನ್ನ ಅಗಕೋತ ಕುಂದರ್ರಿ. ಹೂಂ ಅನ್ರಿ, ಹಾಂ ಅನ್ರಿ. ಮೂರನೇ ಮಾತ ಬ್ಯಾಡ.’

ಬೀರಲಿಂಗಪ್ಪ ಊಟದ ಅರ್ಧದವರೆಗೂ ಬಹಳ ಚೆನ್ನಾಗಿ ಹೂಂ, ಹಾಂ ಎಂದ. ಮಹಾದೇವಪ್ಪ ಎಲುಬು ಚೀಪಿ ಕೆಳಗಿಟ್ಟು ನಿಟ್ಟುಸಿರು ಬಿಟ್ಟರು.

‘ಅಡಿಗಿ ಅಗದೀ ಛಲೋ ಆಗ್ಯದರೀ. ಆದ್ರ ನಾ ಮೊದಲ ಕಡಲ ದಂಡಿ ಸಾಲ್ಯಾಗ ಕೆಲಸಕ್ಕಿದ್ದೆ ನೋಡ್ರಿ, ಅಲ್ಲೆ ಸಮುದ್ರದ ಮೀನಿನ ರುಚಿ ಹತ್ತಿಬಿಟ್ಟದ. ಅದೆಲ್ಲಾ ನಿಮಗ ಗೊತ್ತಿರಾಕಿಲ್ಲ, ಬಿಡ್ರಿ.’

ಬೀರಲಿಂಗಪ್ಪನ ಬಾಯೊಳಗಿನ ಅಡಿಕೆ ಕಟಂ ಎಂದಿತು.

‘ಗೊತ್ತಿಲ್ದ ಏನ್ರೀ? ವರ್ಷಕ್ಕ ಎರಡ ಸಲಾ ಘಟ್ಟಾ ಇಳೀತೇನಿ. ಅಲ್ಲಿ ಪ್ಯಾಟ್ಯಾಗ ನಾ ಕೈ ಹಚ್ಚೂ ತನಕಾ ಯಾವ ಮೀನಿಗೂ ದರಾ ಕಟ್ಟೂದಿಲ್ಲ!’

ಅಡುಗೆಮನೆಯಲ್ಲಿ ದುರಗವ್ವನ ಕೈಯಿಂದ ಸೌಟು ಬಿತ್ತು. ಆಕೆಯ ಗಂಡ ಹುಟ್ಟಿದಾಗಿನಿಂದ ಕಲಘಟಗಿ ದಾಟಿ ಆಚೆ ಹೋದವನಲ್ಲ.

ಅಲ್ಲಿಯವರೆಗೆ ಸುಮ್ಮನೆ ಉಣ್ಣುತ್ತಿದ್ದ ಮಹಾದೇವಪ್ಪನವರ ಹೆಂಡತಿ ಸಾವಂತ್ರೆವ್ವ ತಲೆಯೆತ್ತಿದಳು. ‘ಹಂಗಾರ ಐತವಾರ ನಿಶ್ಚೇದ ದಿವಸ ಮೀನಿನ ಊಟಾನ ಆಗ್ಲಿ. ಬೀಗರ ಕೈಯಾಗಿನ ಮೀನು ನಾವೂ ಉಂಡ ನೋಡ್ತೇವಿ.’

‘ಇಬ್ಬರೂ ಕೂಡೇ ಹೋಗಿ ತರೂಣು,’ ಎಂದು ಮಹಾದೇವಪ್ಪ ಹಿಗ್ಗಿದರು. ‘ಉಪ್ಪು ಹಚ್ಚಿಸಿದ್ರ ಎರಡು ದಿನಾ ತಡೀತದ. ನಿಮ್ಮಂಥಾ ತಿಳದವರ ಕೂಡ ಹೋಗೂದು ನನ್ನ ಪುಣ್ಯ.’

ಹೊರಡುವ ದಿನ ಬೆಳಿಗ್ಗೆ ಹುಲಿಗೆವ್ವ ಬುತ್ತಿ ಕೊಡುತ್ತ, ‘ಅಪ್ಪಾ, ನಿನ್ನ ಕಾಲ ಹಿಡೀತೇನಿ, ಅಲ್ಲೆ ಹೋಗಿ ಏನೂ ಮಾತಾಡಬ್ಯಾಡ,’ ಎಂದಳು.

‘ಮಾತು ಯಾಕ ಬೇಕವಾ? ನಂದೆಲ್ಲಾ ಕೈಯಾಗಿನ ವ್ಯಾಪಾರ,’ ಎಂದು ಅವನು ಕಂಬಳಿ ಹೆಗಲಿಗೇರಿಸಿದ.

ಪೆಟ್ರೋಲು ಸಿಗದ ದಿನಗಳಾದ್ದರಿಂದ ಮೋಟಾರುಗಳು ಇದ್ದಿಲು ತಿಂದು ಓಡುತ್ತಿದ್ದವು. ಓಡುತ್ತಿದ್ದವು ಎಂಬುದೂ ಮರ್ಯಾದೆಯ ಮಾತು. ಏರು ಬಂದಲ್ಲೆಲ್ಲ ಡ್ರೈವರ್ ಶಾಂತಯ್ಯ, ‘ಇಳೀರ್ರೆಪಾ, ಒಂದೀಟು ನೂಕ್ರಿ,’ ಎನ್ನುತ್ತಿದ್ದ. ಹೀಗೆ ಅರ್ಧ ದಾರಿ ಕೂತು, ಅರ್ಧ ದಾರಿ ನೂಕಿ, ಸಂಜೆಗೆ ಅರಬೈಲ ಘಟ್ಟ ಇಳಿದು ಸಮುದ್ರದ ಊರು ಮುಟ್ಟಿದರು. ಧರ್ಮಶಾಲೆಯಲ್ಲಿ ಮಲಗಿ ಬೆಳಗಾಗುತ್ತಲೇ ಮೀನು ಪೇಟೆಗೆ ನಡೆದರು.

ಸಮುದ್ರವನ್ನು ಬೀರಲಿಂಗಪ್ಪ ನೋಡಿದ್ದು ಅದೇ ಮೊದಲು. ಆದರೆ ವರ್ಷಕ್ಕೆರಡು ಸಲ ನೋಡುವವನು ಬಾಯಿ ತೆರೆದು ನಿಲ್ಲುವ ಹಾಗಿರಲಿಲ್ಲ. ತಮ್ಮೂರ ಉಣಕಲ್ಲ ಕೆರೆಯ ದಂಡೆಗೆ ನಿಂತವನಂತೆ ಸೊಂಟಕ್ಕೆ ಕೈಕೊಟ್ಟು, ‘ಈ ವರ್ಷ ನೀರು ಒಂದೀಟು ಹೆಚ್ಚಾಗೇತಿ,’ ಎಂದ. ಮಹಾದೇವಪ್ಪ ಅವನನ್ನು ಒಂದು ಸಲ ನೋಡಿ ಮುಂದೆ ನಡೆದರು.

ದೋಣಿಗಳು ಆಗಷ್ಟೇ ದಂಡೆಗೆ ಹತ್ತಿದ್ದವು. ಗಂಡಸರು ಬುಟ್ಟಿ ಹೊತ್ತು ತಂದು ಸುರಿದು ಹೋಗುತ್ತಿದ್ದರು; ಮಾರಾಟವೆಲ್ಲ ಹೆಂಗಸರದು. ತೆಂಗಿನ ಗರಿಯ ಚಪ್ಪರದಡಿ ಅವರು ಸಾಲಾಗಿ ಕೂತು, ಒಬ್ಬರ ಕೂಗು ಇನ್ನೊಬ್ಬರಿಗೆ ಕೇಳಿಸದಂತೆ ಕೂಗುತ್ತಿದ್ದರು. ಮೇಲೆ ಕಾಗೆಗಳದ್ದು ಬೇರೆಯೇ ಪೇಟೆ. ವಾಸನೆಗೆ ಬೀರಲಿಂಗಪ್ಪನ ಕಣ್ಣಲ್ಲಿ ನೀರು ಬಂತು.

‘ನಡೀರಿ ಬೀಗರ, ನಿಮ್ಮ ಕೈಗುಣ ತೋರಸ್ರಿ,’ ಎಂದು ಮಹಾದೇವಪ್ಪ ಕೊಡೆ ಊರಿ ಹಿಂದೆ ನಿಂತರು.

ಸಾಲಿನ ನಡುವೆ ಶೇವಂತಿ ಎಂಬವಳು ಕೂತಿದ್ದಳು. ಅವಳ ಬುಟ್ಟಿಯ ಮೇಲೆ ಮೊಳಕ್ಕಿಂತ ಉದ್ದದ ಇಸವಾಣ ಮೀನೊಂದು ಹೊಳೆಯುತ್ತಿತ್ತು. ಬೀರಲಿಂಗಪ್ಪ ಬಲ್ಲವನಂತೆ ಕುಕ್ಕುರುಗಾಲಲ್ಲಿ ಕೂತು, ಮೊದಲು ಅದರ ಬೆನ್ನು ಒತ್ತಿ ಮಾಂಸ ನೋಡಿದ. ಇಲ್ಲಿಯವರೆಗೆ ತಪ್ಪಿಲ್ಲ. ಆಮೇಲೆ ಎರಡು ಬೆರಳು ಹಾಕಿ ಅದರ ಬಾಯಿ ಅಗಲಿಸಿ ಹಲ್ಲು ನೋಡಿದ. ಕುರಿಯ ವಯಸ್ಸು ಹಲ್ಲಿನಲ್ಲಿ ತಾನೆ ತಿಳಿಯುವುದು? ಎರಡು ಹಲ್ಲಿನದು ಎಳೆಯದು, ಬಾಯಿ ತುಂಬ ಹಲ್ಲಿದ್ದರೆ ಮುದಿ. ಇಸವಾಣದ ಬಾಯಲ್ಲಿ ಗರಗಸದ ಹಾಗೆ ಹಲ್ಲುಗಳಿದ್ದವು.

‘ಇದು ಭಾಳ ಮುದೀ ಆಗೇತಿ,’ ಎಂದ ಗಂಭೀರವಾಗಿ. ‘ಎರಡ ಹಲ್ಲಿಂದು ಇದ್ರ ತೋರಸ್ರಿ.’

ಶೇವಂತಿ ಕೂಗುವುದನ್ನು ನಿಲ್ಲಿಸಿ ಅವನನ್ನೇ ನೋಡಿದಳು. ಹಿಂದೆ ಮಹಾದೇವಪ್ಪ ಕೆಮ್ಮಿದರು. ಆ ಕೆಮ್ಮು ಬೀರಲಿಂಗಪ್ಪನಿಗೆ ಚುಚ್ಚಿತು. ಇನ್ನು ಹಲ್ಲಿನ ಮಾತು ಸಾಕು, ತನ್ನ ನಿಜವಾದ ವಿದ್ಯೆಯನ್ನೇ ತೋರಿಸಿಬಿಡಬೇಕು ಎಂದುಕೊಂಡು ಅವನು ಕಂಬಳಿಯ ತುದಿಯನ್ನು ಕೈಮೇಲೆ ಇಳಿಬಿಟ್ಟ. ಶೇವಂತಿ ಮೀನು ಎತ್ತಿ ತೋರಿಸಲು ಕೈ ಚಾಚಿದ್ದಳು. ಆ ಕೈಯನ್ನು ಕಂಬಳಿಯೊಳಗೆ ಸೆಳೆದು, ಎರಡು ಬೆರಳು ಹಿಡಿದು ಗಟ್ಟಿಯಾಗಿ ಒತ್ತಿದ. ಮತ್ತು ಪದ್ಧತಿ ಬಿಡದೆ ಆಕಾಶ ನೋಡಿದ.

‘ಅಯ್ಯಯ್ಯೋ! ಕೈ ಬಿಡೋ!’ ಎಂದು ಶೇವಂತಿ ಕಿರುಚಿದಳು.

ಕುರಿ ಸಂತೆಯಲ್ಲೂ ಮಾರುವವರು ದರ ಸಾಲದಾದಾಗ ಹೀಗೇ ಬಾಯಿ ಮಾಡುತ್ತಾರೆ. ಬೀರಲಿಂಗಪ್ಪ ಮುಗುಳ್ನಕ್ಕು ಇನ್ನೊಂದು ಬೆರಳು ಹಿಡಿದ.

‘ಓಡಿ ಬನ್ನಿರೋ! ಈ ಮುದುಕ ಕೈ ಹಿಡಿದ!’

ಈಕೆ ಭಾರಿ ಗಟ್ಟಿ ವ್ಯಾಪಾರಿ ಎಂದು ಮೆಚ್ಚಿ ಅವನು ನಾಲ್ಕನೆಯ ಬೆರಳಿಗೆ ಕೈ ಹಾಕುವಷ್ಟರಲ್ಲಿ ಶೇವಂತಿ ಎಡಗೈಯಲ್ಲಿ ಒಂದು ಬಂಗಡೆ ಮೀನು ಎತ್ತಿ ಅವನ ಕೆನ್ನೆಗೆ ಬಾರಿಸಿದಳು. ಆಕಾಶದಲ್ಲಿದ್ದ ಅವನ ದೃಷ್ಟಿ ಭೂಮಿಗೆ ಬಂದದ್ದು ಆಗಲೇ. ಸುತ್ತಲೂ ಜನ ಮುಗಿಬಿದ್ದಿದ್ದರು. ಅವನ ಕೈ ಇನ್ನೂ ಕಂಬಳಿಯೊಳಗೇ ಇತ್ತು, ಅದರೊಳಗೆ ಅವಳ ಕೈಯೂ ಇತ್ತು.

ಜನರನ್ನು ಸರಿಸಿಕೊಂಡು ಮೀನುಗಾರರ ಯಜಮಾನ ಬಂದ. ಬಿಳಿ ಮೀಸೆಯ ಮುದುಕ.

‘ಯಾವ ಊರು ನಿಂದು?’

‘ಹುಬ್ಬಳ್ಳಿರೀ.’

‘ಹುಬ್ಬಳ್ಳಿಯಲ್ಲಿ ಹೆಂಗಸರ ಕೈ ಹೀಂಗೇ ಹಿಡೀತಾರೋ?’

‘ಇಲ್ರೀ ಯಜಮಾನ್ರ! ದರಾ ಹೇಳಾಕತ್ತಿದ್ದೆ.’

‘ದರ ಹೇಳೂಕೆ ಬಾಯಿ ಇಲ್ವೋ ನಿಂಗೆ?’ ಮುದುಕ ಅವನನ್ನು ಮೇಲಿಂದ ಕೆಳಗೆ ನೋಡಿ ಸ್ವಲ್ಪ ಮೆತ್ತಗಾದ. ‘ಪೇಟೆಗೆ ಹೊಸಬನೋ? ಗೊತ್ತಿಲ್ದೆ ಮಾಡಿದ್ಯೋ?’

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬೀರಲಿಂಗಪ್ಪನ ಗಂಟಲಿನವರೆಗೆ ಆ ಹೌದು ಬಂದಿತ್ತು. ಆದರೆ ಎರಡು ಮಾರು ಹಿಂದೆ ಮಹಾದೇವಪ್ಪ ಕಿವಿಗೊಟ್ಟು ನಿಂತಿದ್ದರು. ಹೊಸಬ ಎಂದರೆ ಸುಳ್ಳುಗಾರ, ಹಳಬ ಎಂದರೆ ಲಂಪಟ. ಎರಡರಲ್ಲಿ ಯಾವುದಕ್ಕೆ ಮಗಳ ನಿಶ್ಚಯ ಉಳಿದೀತು ಎಂದು ಲೆಕ್ಕ ಹಾಕುವಷ್ಟರಲ್ಲಿ ನಾಲಿಗೆ ತನ್ನ ಕೆಲಸ ಮುಗಿಸಿತ್ತು.

‘ಹೊಸಬಾ ಅಲ್ರಿ. ವರ್ಷಕ್ಕ ಎರಡ ಸಲಾ ಬರ್ತಿರ್ತೇನಿ.’

ಪೇಟೆಯೆಲ್ಲ ಹೋ ಎಂದಿತು. ‘ವರ್ಷಕ್ಕೆ ಎರಡು ಸಲವಂತೆ! ಯಾರ್ಯಾರ ಕೈ ಹಿಡಿದ್ನೋ!’ ಸಾಲಿನ ಕೊನೆಯಲ್ಲಿ ಕೂತಿದ್ದ, ಬಾಯಲ್ಲಿ ಒಂದೂ ಹಲ್ಲಿಲ್ಲದ ಅಜ್ಜಿಯೊಬ್ಬಳು ಎದ್ದು ನಿಂತು, ‘ಹೋದ ವರ್ಷ ನನ್ನ ಕೈ ಹಿಡಿದವ ಇವನೇ ಸೈ!’ ಎಂದು ಸಾಕ್ಷಿ ಹೇಳಿದಳು. ಅವಳ ಸೊಸೆಯಂದಿರು ಎಷ್ಟು ಕೂರಿಸಿದರೂ ಕೂರಲಿಲ್ಲ.

‘ಕಟ್ಟಿ ಹಾಕಿ,’ ಎಂದ ಯಜಮಾನ. ‘ಫೌಜದಾರರ ಎದುರು ಹೇಳ್ಲಿ.’

ಯಾರೋ ಬಲೆಯ ಹಗ್ಗ ತಂದರು. ಆ ಹಗ್ಗ ಕಂಡದ್ದೇ ಬೀರಲಿಂಗಪ್ಪನ ಕಣ್ಣ ಮುಂದೆ ಬುತ್ತಿ ಹಿಡಿದು ನಿಂತ ಹುಲಿಗೆವ್ವ ಬಂದಳು. ಏನೂ ಮಾತಾಡಬೇಡ ಎಂದಿದ್ದಳು. ನಾಚಿಕೆಯಿಂದ ಅವನ ಕಿವಿ ಸುಟ್ಟವು. ಅವನು ಮರಳಿನ ಮೇಲೆ ಕುಸಿದು ಕೈ ಮುಗಿದ.

‘ಸುಳ್ಳ ಹೇಳೀನ್ರೀ ಯಜಮಾನ್ರ. ಇವತ್ತಿನ ತನಕಾ ನಾ ಸಮುದ್ರಾ ನೋಡಿಲ್ಲ. ಮೀನಿನ ತಲಿ ಯಾವುದು, ಬಾಲ ಯಾವುದು, ಅಷ್ಟ ಗೊತ್ತು. ನಮ್ಮ ಕುರಿ ಸಂತ್ಯಾಗ ಹಿಂಗ ಕಂಬಳ್ಯಾಗ ಬೆರಳ ಹಿಡದು ದರಾ ಹೇಳ್ತೇವ್ರಿ. ಅಲ್ಲೆ ಮಾರಾವ್ರು ಎಲ್ಲಾ ಗಂಡಸ್ರು. ಈ ತಂಗೀನ್ನ ನಾ ಕುರಿ ಮಾರಾಂವ ಅಂತ ತಿಳದು ಹಿಡದೇನ್ರಿ.’

‘ಬೆರಳಲ್ಲಿ ಎಷ್ಟು ಹೇಳಿದ್ದೆ?’

ಬೀರಲಿಂಗಪ್ಪ ಸುತ್ತ ನೋಡಿ ಯಜಮಾನನ ಕಿವಿಯಲ್ಲಿ ಉಸುರಿದ. ಮುದುಕ ಗುಟ್ಟು ಇಡುವವನಾಗಿರಲಿಲ್ಲ. ‘ಒಂದು ಮೀನಿಗೆ ಒಂದು ಟಗರಿನ ಬೆಲೆ ಹೇಳ್ತಾ ಇದ್ನಂತೆ!’ ಎಂದು ಪೇಟೆಗೆಲ್ಲ ಕೇಳುವಂತೆ ಕೂಗಿದ.

‘ಅಯ್ಯೋ ದೇವರೇ!’ ಎಂದಳು ಶೇವಂತಿ ಹಣೆ ಚಚ್ಚಿಕೊಂಡು. ‘ಇದನ್ನೇ ಬಾಯಲ್ಲಿ ಹೇಳಿದ್ರೆ ಬುಟ್ಟಿ ಸಮೇತ ಕೊಟ್ಟು ಮನೆಗೆ ಹೋಗಿ ಮಲಗ್ತಿದ್ದೆ!’

ನಗು ಸಮುದ್ರದವರೆಗೂ ಹೋಗಿ ಬಂತು. ಹಗ್ಗ ತಂದವರು ಹಗ್ಗದ ಮೇಲೆಯೇ ಬಿದ್ದು ನಕ್ಕರು. ಯಜಮಾನ ಕಣ್ಣೊರೆಸಿಕೊಂಡು, ‘ಮತ್ತೆ ವರ್ಷಕ್ಕೆರಡು ಸಲ ಅಂತ ಯಾರೆದುರು ಬಡಾಯಿ ಕೊಚ್ಚಿದ್ದು?’ ಎಂದು ಕೇಳಿದ.

‘ಅವರ ಮುಂದ್ರಿ. ನನ್ನ ಮಗಳನ್ನ ಅವರ ಮಗಗ ಕೊಡೂದೈತಿ. ನಾಡದ ನಿಶ್ಚೇ.’

ಅವನ ಬೆರಳು ತೋರಿದ ಕಡೆ ಎಲ್ಲರೂ ತಿರುಗಿದರು. ಮಹಾದೇವಪ್ಪನವರ ಮುಖ ಕಪ್ಪಿಟ್ಟಿತು. ಹದಿನಾರೂರಿನ ಮಕ್ಕಳಿಗೆ ಸತ್ಯವನ್ನೇ ನುಡಿಯಬೇಕೆಂದು ಕಲಿಸಿದ ಮಾಸ್ತರರು ಗಂಟಲು ಸರಿಮಾಡಿಕೊಂಡರು.

‘ಇವರು ಯಾರೋ ನನಗ ಗೊತ್ತಿಲ್ಲ. ಮೋಟಾರಿನ್ಯಾಗ ಬಾಜೂಕ ಕೂತಿದ್ರು, ಅಷ್ಟ.’

ಬಿಸಿಲೂ ಇರಲಿಲ್ಲ, ಮಳೆಯೂ ಇರಲಿಲ್ಲ. ಆದರೂ ಅವರು ಕೊಡೆ ಬಿಚ್ಚಿ, ಅದರೊಳಗೆ ಮುಖವಿಟ್ಟು, ಮೋಟಾರು ನಿಲ್ಲುವ ಕಡೆಗೆ ಬಿರಬಿರನೆ ನಡೆದುಬಿಟ್ಟರು. ಪೇಟೆಯ ನಗು ಒಮ್ಮೆಲೇ ನಿಂತಿತು. ಬಂಗಡೆಯ ಏಟಿಗೂ ಬಾರದ ನೀರು ಬೀರಲಿಂಗಪ್ಪನ ಕಣ್ಣಿಗೆ ಈಗ ಬಂತು.

ಶೇವಂತಿಗೆ ಮರುಕ ಹುಟ್ಟಿರಬೇಕು. ಆದರೆ ವ್ಯಾಪಾರದವಳು. ‘ಇವನ ಗಲಾಟೆಯಲ್ಲಿ ನನ್ನ ಗಿರಾಕಿ ಎಲ್ಲ ಓಡಿಹೋದ್ರು. ಬುಟ್ಟಿ ಖಾಲಿ ಆಗೂ ತನಕ ಇಲ್ಲೇ ಕೂತು ಕೂಗ್ಲಿ. ಬಾಯಲ್ಲಿ!’ ಎಂದಳು. ಯಜಮಾನ ಅದನ್ನೇ ತೀರ್ಪು ಮಾಡಿದ.

ಜನ್ಮದಲ್ಲಿ ದರವನ್ನು ಬಾಯಿಂದ ಆಡದ ಬೀರಲಿಂಗಪ್ಪ ಬುಟ್ಟಿಯ ಹಿಂದೆ ಕೂತ. ಒಂದು ಕೈಯಲ್ಲಿ ಕಾಗೆ ಓಡಿಸುತ್ತ, ಮೊದಲು ಸತ್ತವರ ಮನೆಯಲ್ಲಿ ಮಾತಾಡುವಷ್ಟು ಮೆಲ್ಲಗೆ ಕೂಗಿದ. ಶೇವಂತಿ ಮೊಣಕೈಯಿಂದ ತಿವಿದಳು. ಆಮೇಲೆ ದನಿ ಏರಿತು. ‘ಬರ್ರೆವ್ವಾ, ಬರ್ರಿ! ಬಂಗಡಿ ತಗೋರ್ರಿ! ಎಳೇವು ಅದಾವು, ಹಲ್ಲ ನೋಡಿ ತಗೋರ್ರಿ!’ ಇಂಥ ಕೂಗನ್ನು ಆ ಪೇಟೆ ಕೇಳಿರಲಿಲ್ಲ. ದೋಣಿಯವರೂ ಬಂದು ಕೇಳಿಕೊಂಡು ಹೋದರು. ಅವನು ಕೂಗುತ್ತಿರುವಾಗಲೇ ದೂರದಲ್ಲಿ ಶಾಂತಯ್ಯನ ಮೋಟಾರು ಹಾರ್ನು ಹಾಕಿ ಹೊರಟುಹೋಯಿತು. ಬುಟ್ಟಿ ಖಾಲಿಯಾದಾಗ ಶೇವಂತಿ ಅವನ ಕಂಬಳಿಯಲ್ಲಿ ಒಂದಷ್ಟು ಒಣಮೀನು ಕಟ್ಟಿದಳು. ‘ಮಗಳ ನಿಶ್ಚಯ ಅಂದ್ಯಲ್ಲ, ತಕೊಂಡ್ಹೋಗು. ಅವಳ ಕೈ ಹಿಡಿಯುವವ ನಿನ್ನಷ್ಟು ಗಟ್ಟಿ ಹಿಡೀಲಿ.’

ಮರುದಿನದ ಮೋಟಾರಿನಲ್ಲಿ ಒಣಮೀನಿನ ವಾಸನೆಗೆ ಜನ ಅವನನ್ನು ಮೇಲೆ, ಸಾಮಾನಿನ ನಡುವೆ ಕೂರಿಸಿದರು. ಅವನಿಗೂ ಅದೇ ಬೇಕಾಗಿತ್ತು. ಅಲ್ಲಿ ಮುಖ ಕೊಟ್ಟು ಮಾತಾಡುವವರಿರಲಿಲ್ಲ. ಆದರೆ ಸುದ್ದಿ ಹಿಂದಿನ ದಿನವೇ ಶಾಂತಯ್ಯನ ಜೊತೆ ಊರು ತಲುಪಿತ್ತು. ಯಲ್ಲಾಪುರದಲ್ಲಿ ಅವನು ಮೀನಿನವಳ ಕೈ ಹಿಡಿದಿದ್ದ. ಕಲಘಟಗಿಯಲ್ಲಿ ಅವಳನ್ನು ಕಂಬಳಿಯಲ್ಲಿ ಸುತ್ತಿಕೊಂಡಿದ್ದ. ಹುಬ್ಬಳ್ಳಿಗೆ ಬರುವ ಹೊತ್ತಿಗೆ ಮದುವೆಯೇ ಆಗಿಹೋಗಿತ್ತು.

ಕಮರಿಪೇಟೆಯ ಓಣಿಯಲ್ಲಿ ಅವನು ಕಾಲಿಟ್ಟಾಗ ನೆರೆಮನೆಯ ಫಕೀರವ್ವ ಕಟ್ಟೆಯ ಮೇಲಿಂದಲೇ ಮೂಗು ಮುಚ್ಚಿಕೊಂಡು, ‘ದುರಗವ್ವಾ, ಬಂದ್ರು ನೋಡ ನಿಮ್ಮ ಮದುಮಗ! ವಾಸನಿ ಮುಂದ ಬಂತು, ಆಕೀನೂ ಹಿಂದ ಇರಬೇಕು!’ ಎಂದು ಕೂಗಿದಳು. ದುರಗವ್ವ ಹೊರಗೆ ಬಂದು ಗಂಡನ ಬೆನ್ನ ಹಿಂದೆ ಬಗ್ಗಿ ನೋಡಿದಳು. ಯಾರೂ ಇರಲಿಲ್ಲ. ಒಂದು ಮಾತನ್ನೂ ಆಡದೆ ಒಳಗೆ ಹೋದಳು. ಅವನ ಎಲ್ಲ ಕತೆ ಕೇಳಿದ ಮೇಲೆಯೂ ಆಡಲಿಲ್ಲ. ಹುಲಿಗೆವ್ವ ಮಾತ್ರ, ‘ಬ್ಯಾಡ ಅಂದಿದ್ನೆಲ್ಲಪಾ,’ ಎಂದು ಅತ್ತಳು. ಬೀರಲಿಂಗಪ್ಪ ಕಂಬಳಿಯನ್ನು ಸೀಗೆಪುಡಿ ಹಾಕಿ ತೊಳೆದ, ಗಾಳಿಗೆ ಹಾಕಿದ, ಮತ್ತೆ ತೊಳೆದ. ವಾಸನೆ ಜಗ್ಗಲಿಲ್ಲ. ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಐತವಾರ ಬಂತು. ಬೀಗರು ಬರುತ್ತಾರೆಂದು ಯಾರಿಗೂ ನಂಬಿಕೆಯಿರಲಿಲ್ಲ. ಒಲೆ ಕೂಡ ತಡವಾಗಿ ಹತ್ತಿತ್ತು. ಬಾಗಿಲಲ್ಲಿ ಟಾಂಗಾ ನಿಂತಾಗ ಓಣಿಯ ಕಿಟಕಿಗಳೆಲ್ಲ ತೆರೆದವು. ಮೊದಲು ಸಾವಂತ್ರೆವ್ವ ಇಳಿದಳು. ಹಿಂದೆ, ಕಂಕುಳಲ್ಲಿ ಕೊಡೆ ಅವಚಿಕೊಂಡು, ತಲೆ ತಗ್ಗಿಸಿ ಮಹಾದೇವಪ್ಪ ಇಳಿದರು.

ಸಾವಂತ್ರೆವ್ವ ಚಾಪೆಯ ಮೇಲೆ ಕೂತವಳೇ ದುರಗವ್ವನಿಗೆ ಹೇಳಿದಳು: ‘ನಮ್ಮ ಮನಿಯವರು ಬಂದು ಎಲ್ಲಾ ಹೇಳಿದ್ರವಾ. ಕೈ ಹಿಡದದ್ದು, ಮೀನಿಲೆ ಹೊಡತ ತಿಂದದ್ದು, ಎಲ್ಲಾ. ನಕ್ಕು ನಕ್ಕು ನನ್ನ ಪಕ್ಕಡಿ ಹಿಡದ್ವು. ಆಮ್ಯಾಲೆ ಕೇಳಿದೆ, ಬೀಗರು ಈಗ ಎಲ್ಲೆ ಅದಾರ ಅಂತ. ಆಗ ಇವರ ಬಾಯಿ ಕಟ್ಟಿತು. ಪರ ಊರಾಗ, ಹಗ್ಗಾ ಹಿಡಕೊಂಡ ಮಂದಿ ನಡುವ ಬೀಗನ್ನ ಬಿಟ್ಟು ಬಂದಾವ್ರ ಮನಿಗೆ ಹೆಣ್ಣ ಕೊಡ್ರಿ ಅಂತ ಯಾವ ಮಾರಿ ಹೊತ್ತು ಕೇಳೂದು? ಇವರಿಗಂತೂ ಆಗೂದಿಲ್ಲ. ಅದಕ್ಕ ನಾನ ಕೇಳಾಕ ಬಂದೇನಿ.’

ದುರಗವ್ವ ಮಗಳ ಮುಖ ನೋಡಿದಳು. ಹುಲಿಗೆವ್ವ ಬಾಗಿಲ ಹಿಂದೆ ಸರಿದಳು, ಆದರೆ ಅಡುಗೆಮನೆಗೆ ಹೋಗಲಿಲ್ಲ. ಅಷ್ಟು ಸಾಕಾಯಿತು.

ಅವರ ಕಡೆ ನಿಶ್ಚಯದಲ್ಲಿ ಗಂಡಿನ ತಂದೆ ಕೊಡುವ ತೆರದ ಹಣವನ್ನು ಇಬ್ಬರು ಬೀಗರೂ ಕಂಬಳಿಯೊಳಗೆ ಬೆರಳು ಹಿಡಿದೇ ಗೊತ್ತುಮಾಡುವುದು ವಾಡಿಕೆ. ಬೀರಲಿಂಗಪ್ಪನನ್ನು ಒಳಗಿನಿಂದ ಎಳೆದು ತಂದು ಕೂರಿಸಿದರು. ಒಬ್ಬ ಚಾಪೆಯ ಎಳೆ ನೋಡುತ್ತಿದ್ದ, ಇನ್ನೊಬ್ಬರು ಕೊಡೆಯ ತುದಿ ನೋಡುತ್ತಿದ್ದರು. ಓಣಿಯ ಹಿರಿಯರು ಅವನ ಕಂಬಳಿಯನ್ನೇ ಹೊದಿಸಿ, ‘ಕೈ ಹಾಕ್ರಿ,’ ಎಂದರು. ಬೀರಲಿಂಗಪ್ಪನ ಕೈ ಮೇಲೇಳಲಿಲ್ಲ. ಕಂಬಳಿಯಿಂದ ಬಂದ ಗಾಳಿಗೆ ಹಿರಿಯರು ಒಬ್ಬೊಬ್ಬರಾಗಿ ಹಿಂದೆ ಸರಿದರು.

‘ತಗೀರಿ ಅದನ್ನ ಅತ್ಲಾಗ!’ ಎಂದು ದುರಗವ್ವ ಬಂದು ಕಂಬಳಿ ಕಿತ್ತು ಮೂಲೆಗೆ ಎಸೆದಳು. ಗಂಡ ತಿರುಗಿ ಬಂದ ಮೇಲೆ ಆಕೆ ಆಡಿದ ಮೊದಲ ಮಾತು ಅದು. ‘ಎಲ್ಲಾರಿಗೂ ಕಾಣೂ ಹಂಗ ಹಿಡೀರಿ.’

ಮಹಾದೇವಪ್ಪ ಬರಿಗೈ ಚಾಚಿದರು. ‘ಬೀಗರ... ನಾ ಅವತ್ತು ಗೊತ್ತಿಲ್ಲಂದೆ.’

‘ಬಿಡ್ರಿ,’ ಎಂದ ಬೀರಲಿಂಗಪ್ಪ, ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು. ‘ನಾ ಎಲ್ಲಾ ಗೊತ್ತೈತಿ ಅಂದಿದ್ದೆ.’

ಊಟಕ್ಕೆ ಒಣಮೀನಿನ ಸಾರು ಬಂತು. ಸಾವಂತ್ರೆವ್ವ ಒಂದು ತುತ್ತು ಉಂಡು, ಕಣ್ಣು ಮುಚ್ಚಿ, ಮತ್ತೊಂದು ತುತ್ತು ಉಂಡಳು.

‘ಭಾಳ ರುಚಿ ಆಗೇತಿ. ಇದು ಯಾವ ಮೀನ್ರೀ ಬೀಗರ?’

ಪಂಕ್ತಿಯೆಲ್ಲ ಕೈ ನಿಲ್ಲಿಸಿ ಬೀರಲಿಂಗಪ್ಪನ ಕಡೆ ನೋಡಿತು. ಬಾಗಿಲ ಹಿಂದಿನಿಂದ ಹುಲಿಗೆವ್ವ ಇಣುಕಿದಳು. ಬೀರಲಿಂಗಪ್ಪ ಬಾಯಿ ತೆರೆದ, ಮುಚ್ಚಿದ, ಎಲೆ ನೋಡಿದ.

‘ನನಗ ಗೊತ್ತಿಲ್ರಿ,’ ಎಂದ.

ಅಡುಗೆಮನೆಯಲ್ಲಿ ದುರಗವ್ವನ ಕೈಯಿಂದ ಸೌಟು ಬಿತ್ತು.